ನಡುವಿನ ಸಾಲು

ಏಳನೆಯ ತರಗತಿಯಲ್ಲಿ ನಮಗೆ ಗಣಿತ ಕಲಿಸಿದ ಗುರುಗಳು ನೋಟ್‌ಪುಸ್ತಕ ತಿದ್ದುವಾಗ ಉತ್ತರವನ್ನು ಕೊನೆಗೆ ನೋಡುತ್ತಿದ್ದರು. ಪುಟದ ಬಲಗಡೆ ಗೆರೆ ಎಳೆದು ಗುಣಾಕಾರ, ಭಾಗಾಕಾರಗಳಿಗೆ ಜಾಗ ಬಿಡಬೇಕು, ಎಡಗಡೆಯ ಪ್ರತಿ ಸಾಲೂ ಓದಿದವರಿಗೆ ಅರ್ಥವಾಗುವಂತಿರಬೇಕು, ಸಂಖ್ಯೆಯ ಪಕ್ಕದಲ್ಲಿ ಅದು ದಿನವೋ ರೂಪಾಯಿಯೋ ಮೀಟರೋ ಎಂಬುದು ಇರಲೇಬೇಕು ಎಂಬುದು ಅವರ ಕಟ್ಟುನಿಟ್ಟು. ಬಾಯಿಲೆಕ್ಕದಲ್ಲಿ ಚುರುಕಾಗಿದ್ದವರಿಗೆ ಇದು ದೊಡ್ಡ ಕಿರಿಕಿರಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹಂತಗಳಿಗೂ ಅಂಕವಿದೆ ಎಂದು ಹೇಳಿ ಅವರು ನಮ್ಮನ್ನು ಒಪ್ಪಿಸಬಹುದಿತ್ತು. ಆದರೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ.

ಎಂಟು ಮಂದಿ ಒಂದು ಗೋಡೆಯನ್ನು 15 ದಿನಗಳಲ್ಲಿ ಕಟ್ಟಿದರೆ ಹತ್ತು ಮಂದಿಗೆ ಎಷ್ಟು ದಿನ ಬೇಕು ಎಂಬ ಲೆಕ್ಕ ಪೆನ್ನು, ಪುಸ್ತಕಗಳ ಬೆಲೆಯ ಲೆಕ್ಕಗಳ ಬೆನ್ನಿಗೇ ಬರುತ್ತಿತ್ತು. ಕೈ ಅದೇ ರೂಢಿಯಲ್ಲಿ 15ನ್ನು 8ರಿಂದ ಭಾಗಿಸಿ 10ರಿಂದ ಗುಣಿಸುತ್ತಿದ್ದುದರಿಂದ, ಆಳು ಹೆಚ್ಚಿದಂತೆ ದಿನವೂ ಹೆಚ್ಚಿ ತರಗತಿಯ ಅರ್ಧದಷ್ಟು ಮಂದಿಗೆ 18.75 ಎಂಬ ಉತ್ತರ ಬರುತ್ತಿತ್ತು. ಗುರುಗಳು ಅದನ್ನು ತಪ್ಪೆಂದು ಹೊಡೆದುಹಾಕದೆ, “ಒಬ್ಬನೇ ಕಟ್ಟಿದರೆ ಎಷ್ಟು ದಿನವಪ್ಪಾ?” ಎಂದಷ್ಟೇ ಕೇಳುತ್ತಿದ್ದರು. ಒಬ್ಬನಿಗೆ 8 × 15 = 120 ದಿನ ಎಂಬ ಸಾಲು ಹಲಗೆಯ ಮೇಲೆ ಬಂದ ಮೇಲೆ ಹತ್ತು ಮಂದಿಗೆ 120 ÷ 10 = 12 ದಿನ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲೆಕ್ಕದ ಬುದ್ಧಿಯೆಲ್ಲ ಆ ನಡುವಿನ ಸಾಲಿನಲ್ಲಿದೆ, ಉಳಿದದ್ದು ಮಗ್ಗಿ ಎಂದೇ ನನಗೆ ಇಂದಿಗೂ ಅನಿಸುತ್ತದೆ.

ಭಿನ್ನರಾಶಿಗಳಲ್ಲಿಯೂ ಹಾಗೆಯೇ. 5/12 ಮತ್ತು 7/18ನ್ನು ಕೂಡಲು ಛೇದಗಳನ್ನು ಗುಣಿಸಿ 216 ಮಾಡಿಕೊಂಡರೂ ನಡೆಯುತ್ತದೆ, ಆದರೆ ಕೊನೆಗೆ 174/216ನ್ನು ಸಂಕ್ಷೇಪಿಸುತ್ತ ಕೂರಬೇಕು, ಲ.ಸಾ.ಅ. 36 ಎಂದು ಮೊದಲೇ ಬರೆದುಕೊಂಡರೆ 15/36 + 14/36 = 29/36. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇದೇ ಕ್ರಮವನ್ನು ಹೇಳಿದ್ದಾರೆಂದು ತಿಳಿಸಿ, ಒಂಬತ್ತನೆಯ ಶತಮಾನದವರಿಗೇ ಬೇಡವಾದ ದುಡಿಮೆ ನಿಮಗೇಕೆ ಎಂದು ಗುರುಗಳು ನಗಿಸಿದ್ದರು.

ಸರಳ ಬಡ್ಡಿಯ ಪಾಠದಲ್ಲಿ ಮಾತ್ರ ಅವರು ಸೂತ್ರಕ್ಕೆ ಮೊದಲೇ ಒಂದು ಅಂದಾಜನ್ನು ಬರೆಸುತ್ತಿದ್ದರು. 4000 ರೂಪಾಯಿಗೆ ವಾರ್ಷಿಕ ಶೇಕಡಾ 6ರಂತೆ 9 ತಿಂಗಳ ಬಡ್ಡಿ ಕೇಳಿದ್ದಾರೆಂದರೆ, ವರ್ಷಕ್ಕೆ 240 ರೂಪಾಯಿ, ಆದ್ದರಿಂದ ಉತ್ತರ ಅದಕ್ಕಿಂತ ಕಡಿಮೆಯಿರಬೇಕು ಎಂದು ಮೊದಲ ಸಾಲು. ತಿಂಗಳನ್ನು ವರ್ಷಕ್ಕೆ ಪರಿವರ್ತಿಸದೆ 9 ಎಂದೇ ಸೂತ್ರಕ್ಕೆ ಹಾಕಿದವನಿಗೆ 2160 ಬಂದಾಗ ಆ ಮೊದಲ ಸಾಲೇ ಅವನನ್ನು ತಡೆಯುತ್ತಿತ್ತು. 9/12 ಅಂದರೆ ಮುಕ್ಕಾಲು ವರ್ಷ ಎಂದು ತಿದ್ದಿಕೊಂಡರೆ 180 ರೂಪಾಯಿ. ಈಗ ಸಹಕಾರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಕಂಪ್ಯೂಟರು ತೋರಿಸುವ ಬಡ್ಡಿಯನ್ನೂ ಮೊದಲು ಒಂದು ವರ್ಷದ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿಯೇ ಸಹಿ ಹಾಕುತ್ತೇನೆ.