ತೌಡಿನ ತಪ್ಪಲ್ಲ

ನಮ್ಮ ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳೋದು ತೌಡು. ಫ್ಯಾನ್ ನಿಂತರೆ ತೌಡು, ಪ್ರಿಂಟರ್ ಹಾಳೆ ಕಚ್ಚಿಕೊಂಡರೆ ತೌಡು. ಹಾಗಾಗಿ ಆಫೀಸಿನ ವೈರ್‌ಲೆಸ್ ಮೌಸ್ ಪದೇ ಪದೇ ಕೈ ಕೊಡೋಕೆ ಶುರುವಾದಾಗ ಸಾಹುಕಾರರು ಟೇಬಲ್ ಹತ್ತಿರ ಬರದೇನೇ ಹೇಳಿಬಿಟ್ಟರು: "ಧೂಳು ಹೊಕ್ಕೈತಮ್ಮ, ಊದು."

ಊದಿದೆ. ನನ್ನ ಕಣ್ಣಿಗೇ ಬಿತ್ತು, ಮೌಸ್ ಮಾತ್ರ ಹಾಗೇ ಇತ್ತು.

ನಾನಿಲ್ಲಿ ಲೆಕ್ಕ ಬರೆಯುವವಳು. ಟ್ಯಾಲಿಯಲ್ಲಿ ಇರೋತನಕ ಮೌಸ್ ಸತ್ತರೂ ಚಿಂತೆಯಿಲ್ಲ, ಎಲ್ಲಾ ಕೀಬೋರ್ಡಿನಲ್ಲೇ ನಡೆಯುತ್ತೆ. ಆದರೆ 20ನೇ ತಾರೀಕಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು ಅಂದರೆ ಮೌಸ್ ಬೇಕೇ ಬೇಕು. ಪೋರ್ಟಲ್ ತೆಗೆದು ಕೂತರೆ ಬಾಣ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಎರಡು ಸೆಕೆಂಡ್ ಬಿಟ್ಟು ದಬಕ್ಕನೆ ಇನ್ನೆಲ್ಲೋ ಹೋಗಿ ಕೂರುತ್ತಿತ್ತು. ಚೀಲ ಎಣಿಸೋಕೆ ಬಂದ ಹಮಾಲಣ್ಣ ನೋಡಿ ನಕ್ಕ. "ಅಕ್ಕಾರ, ಆ ಇಲಿಗೂ ಒಂದಿಷ್ಟು ನುಚ್ಚು ಹಾಕ್ರಿ, ಓಡತೈತಿ."

ಸೆಲ್ ಬದಲಿಸಿದೆ. ಗೋಡೆ ಗಡಿಯಾರದ ಹಳೇ ಸೆಲ್ ಅಲ್ಲ, ಹೊಸ ಆಲ್ಕಲೈನ್. ಸೆಲ್ ಕೂರೋ ಸ್ಪ್ರಿಂಗಿಗೆ ಹಸಿರು ಕಟ್ಟಿತ್ತು, ರಬ್ಬರಿನಿಂದ ಉಜ್ಜಿ ತೆಗೆದೆ. ಆಮೇಲೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ, ಯುಎಸ್‌ಬಿ ತೂತುಗಳನ್ನು ನೋಡಿಕೊಳ್ಳುವ ಯುಎಸ್‌ಬಿ ರೂಟ್ ಹಬ್ಬಿನ ಪ್ರಾಪರ್ಟೀಸ್ ತೆಗೆದು, ಪವರ್ ಉಳಿಸೋಕೆ ಅದನ್ನು ಆಫ್ ಮಾಡಬಹುದು ಅಂತ ಇರುವ ಟಿಕ್ ತೆಗೆದೆ. ಸುಮ್ನೆ ಬಿಟ್ಟಾಗ ನಿದ್ದೆ ಹೋಗುವ ಮೌಸಿಗೆ ಅದು ಒಳ್ಳೇ ಮದ್ದು. ನಮ್ಮದು ಕೈಯಲ್ಲಿ ಹಿಡಿದು ಓಡಿಸುವಾಗಲೇ ನಿಲ್ಲುತ್ತಿತ್ತು, ಅದಕ್ಕೆ ನಾಟಲಿಲ್ಲ.

ಸುಳಿವು ಸಿಕ್ಕಿದ್ದು ಸಂಜೆ, ಲೈಟ್ ಹೋಗಿ ಬಂದ ಮೇಲೆ. ಕಂಪ್ಯೂಟರ್ ಆನ್ ಮಾಡಿದೆ, ಮೌಸ್ ಚೆನ್ನಾಗೇ ಓಡುತ್ತಿತ್ತು. ಹತ್ತು ನಿಮಿಷಕ್ಕೆ ಮತ್ತೆ ತೊದಲು. ಅದೇ ಹೊತ್ತಿಗೆ ಕೆಳಗೆ ಏನೋ ನೀಲಿಯಾಗಿ ಮಿಣಿಮಿಣಿ ಅಂತಿತ್ತು. ಬ್ಯಾಕಪ್ಪಿಗೆ ಅಂತ ಹೋದ ತಿಂಗಳು ತಂದ ಹಾರ್ಡ್ ಡಿಸ್ಕ್! ಗಂಟೆಗೊಮ್ಮೆ ತಾನೇ ಫೈಲುಗಳನ್ನು ಎತ್ತಿಕೊಳ್ಳುತ್ತೆ. ಸಿಪಿಯು ಮುಂದೆ ಎರಡು ನೀಲಿ ಯುಎಸ್‌ಬಿ ತೂತುಗಳಿವೆ. ಒಂದರಲ್ಲಿ ಡಿಸ್ಕಿನ ವೈರು, ಅದಕ್ಕೆ ಅಂಟಿಕೊಂಡ ಹಾಗೆ ಇನ್ನೊಂದರಲ್ಲಿ ಮೌಸಿನ ಪುಟ್ಟ ರಿಸೀವರ್. ಹೆಬ್ಬೆರಳಿನ ಉಗುರಿನಷ್ಟಿದೆ ಅದು.

ಡಿಸ್ಕ್ ಕಿತ್ತೆ, ಮೌಸ್ ಸರಿಹೋಯಿತು. ಚುಚ್ಚಿ ಫೈಲ್ ಕಾಪಿಗೆ ಹಾಕಿದೆ, ಮೌಸ್ ನಿಂತಿತು. ನಂಬಿಕೆ ಬರೋಕೆ ಮೂರು ಸಲ ಮಾಡಿದೆ.

ಇದು ಹೊಸ ರೋಗವೇನಲ್ಲ. ಆ ನೀಲಿ ತೂತುಗಳು ಯುಎಸ್‌ಬಿ 3.0. ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಅದರ ಪ್ಲಗ್ಗು, ವೈರಿನಿಂದ ರೇಡಿಯೋ ಗದ್ದಲ ಹೊರಬೀಳುತ್ತೆ. ಆ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಹರಡಿರುತ್ತೆ. ಇಂಥ ಮೌಸ್ ಮಾತಾಡೋದೂ ಅಲ್ಲೇ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಬಿಡಿಸಿ ಬರೆದಿತ್ತು. ಮಿಲ್ಲಿನಲ್ಲಿ ಅಕ್ಕಿ ಪಾಲಿಶ್ ಮಾಡೋ ಮಷಿನ್ ಪಕ್ಕ ನಿಂತು ಫೋನಲ್ಲಿ ಮಾತಾಡಿದ ಹಾಗೆ. ಫೋನ್ ಕೆಟ್ಟಿಲ್ಲ, ನೀವು ನಿಂತ ಜಾಗ ಕೆಟ್ಟದ್ದು.

ರಿಸೀವರನ್ನು ಸಿಪಿಯು ಹಿಂದಿನ ಕಪ್ಪು ತೂತಿಗೆ ಹಾಕಿದೆ, ಅದು ಹಳೇ ಯುಎಸ್‌ಬಿ 2. ಎಷ್ಟೋ ವಾಸಿ ಆಯಿತು. ಆದರೂ ಆಗಾಗ ತಡವರಿಸುತ್ತಿತ್ತು. ನಡುವೆ ಸಿಪಿಯು ತಗಡು, ಮೇಲೆ ನಮ್ಮ ಕಬ್ಬಿಣದ ಟೇಬಲ್, ಸಿಗ್ನಲ್ ಬರೋದಾದರೂ ಹೇಗೆ ಅಲ್ವಾ? ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಕೇಳಿದೆ. ಹುಡುಗ ಹೊಸ ಮೌಸ್ ತೋರಿಸಿದ. ಬೇಡಪ್ಪ ಅಂದೆ. 120 ರೂಪಾಯಿಗೆ ಒಂದು ಮೀಟರ್ ವೈರ್ ಸಿಕ್ಕಿತು.

ಆ ವೈರನ್ನು ಹಿಂದಿನಿಂದ ಮೇಲೆ ತಂದು, ಚೀಲ ಹೊಲಿಯುವ ದಾರದಲ್ಲಿ ಮಾನಿಟರ್ ಕಾಲಿಗೆ ಬಿಗಿದೆ. ರಿಸೀವರ್ ಈಗ ಮೌಸಿಗೆ ಒಂದು ಗೇಣು ದೂರ. ಡಿಸ್ಕ್ ಎಷ್ಟೇ ಮಿಣುಕಲಿ, ಬಾಣ ನಿಲ್ಲೋದಿಲ್ಲ. ರಿಟರ್ನೂ ಹೋಯಿತು.

ಮರುದಿನ ಹಮಾಲಣ್ಣ ಬಂದವನು ದಾರದ ಗಂಟನ್ನೇ ನೋಡುತ್ತಾ ನಿಂತ. "ವೈರ್ ಇಲ್ಲದ್ದು ಅಂತ ತಂದು, ಕಡೀಕ ಹಗ್ಗ ಹಾಕಿ ಕಟ್ಟೀರೇನ್ರಿ?"