ಸಿಲ್ವರ್ ದಿಮ್ಮಿ ಎಳೆದ ಭಾನುವಾರ

ಫೆಬ್ರವರಿ ಕೊನೆಯ ಭಾನುವಾರ. ರೋಬಸ್ಟಾ ಕಾಫಿ ಕುಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿಯನ್ನು (ಕಾಫಿ ಹಣ್ಣನ್ನು) ಮೂಟೆ ಕಟ್ಟಿಟ್ಟಿದ್ದೆವು. ಮೂಡಿಗೆರೆ ಕಡೆ ನಮ್ಮ ತೋಟದ ಕೆಳಗೆ ಒಂದು ಗದ್ದೆ ಬಯಲಿದೆ. ಮಳೆಗಾಲದ ಗಾಳಿಗೆ ಉರುಳಿದ ಸಿಲ್ವರ್ ಓಕ್ ಮರದ ದಿಮ್ಮಿ ಅದರ ಅಂಚಲ್ಲೇ ಬಿದ್ದಿತ್ತು. ಉದ್ದ 12 ಅಡಿ, ಸುತ್ತಳತೆ ಸುಮಾರು 6 ಅಡಿ. ಮುಕ್ಕಾಲು ಟನ್‌ಗೆ ಕಮ್ಮಿ ಇರಲಿಕ್ಕಿಲ್ಲ. ಅದನ್ನು ರಸ್ತೆ ಬದಿಗೆ ತರಬೇಕಿತ್ತು.

ಅಕ್ಕ, ಭಾವ ಅವತ್ತೇ ಊಟಕ್ಕೆ ಬಂದರು. ಭಾವನ ಹೊಸ ಗಾಡಿ ಇಸುಜು ವಿ-ಕ್ರಾಸ್ ಪಿಕಪ್, ಫೋರ್ ಬೈ ಫೋರ್, ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಹುದು. 1.9 ಲೀಟರ್ ಎಂಜಿನ್, 360 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ). ನನ್ನದು ಮಹೀಂದ್ರ ಬೊಲೆರೊ ಪಿಕಪ್, ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಎಂಜಿನ್ 2.5 ಲೀಟರ್, ಟಾರ್ಕ್ ಮಾತ್ರ 200. ಗೊಬ್ಬರ, ಮೂಟೆ, ಸೌದೆ ಎಲ್ಲ ಹೊತ್ತ ಗಾಡಿ ಅದು. ಅದರ ಮೇಲೆ ನನಗೆ ತುಂಬಾ ಪ್ರೀತಿ.

"ಎರಡೂ ಗಾಡಿಯ ಹಿಂಭಾಗಕ್ಕೆ ಸರಪಳಿ ಕಟ್ಟಿ ಎಳೆಯೋಣ ಮಾರಾಯ, ಯಾವುದು ಜಗ್ಗುತ್ತೆ ನೋಡೋಣ" ಅಂದರು ಭಾವ.

"ಅದು ಮಾತ್ರ ಬೇಡ ಭಾವ" ಅಂದೆ. ಈ ವಿಷಯದಲ್ಲಿ ನಾನು ಗಟ್ಟಿ. ಚಕ್ರ ಗಿರ್ರನೆ ಸುತ್ತುತ್ತಾ ಇದ್ದು ತಟ್ಟನೆ ನೆಲ ಹಿಡಿದರೆ ಆ ಏಟು ಪೂರ್ತಿ ಬಲವನ್ನು ಹಿಂದಕ್ಕೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್‌ಗೆ, ಅದನ್ನು ಎರಡೂ ಚಕ್ರಕ್ಕೆ ಹಂಚೋ ಡಿಫರೆನ್ಷಿಯಲ್ ಒಳಗಿನ ಕ್ರೌನ್ ಪಿನಿಯನ್ ಹಲ್ಲುಗಳಿಗೆ ಬೀಳುತ್ತೆ. ಕ್ಲಚ್ಚೂ ಸುಡುತ್ತೆ. ದುಡಿಯೋ ಗಾಡಿಗೆ ಸುಮ್ನೆ ಯಾಕೆ ಆ ಹಿಂಸೆ? "ಇಬ್ಬರೂ ಒಂದೇ ದಿಮ್ಮಿ ಎಳೆಯೋಣ. ಕೆಲಸವೂ ಆಗುತ್ತೆ" ಅಂದೆ. ಭಾವ ಒಪ್ಪಿದರು.

ಚಿಕ್ಕಪ್ಪ ಮಚ್ಚು ತಂದು ದಿಮ್ಮಿಯ ಮೂತಿಯನ್ನು ಓರೆಯಾಗಿ ಕೆತ್ತಿದರು. ಹಾಗೆ ಮಾಡದಿದ್ದರೆ ಮೂತಿ ನೇಗಿಲಿನ ಥರ ಮಣ್ಣಿಗೆ ಇಳಿಯುತ್ತೆ. ವೈರ್ ರೋಪನ್ನು ಗಾಡಿಯ ಕೆಳಗಿನ ಕೊಕ್ಕೆಗೇ ಹಾಕಿದೆವು. ಮೇಲೆ ಕಟ್ಟಿದರೆ ಗಾಡಿಯ ಮುಂಭಾಗ ಎದ್ದುಬಿಡಬಹುದು. ರೋಪಿನ ನಡುವೆ ಒದ್ದೆ ಗೋಣಿಚೀಲ ಮಡಚಿ ಹಾಕಿದೆ. ರೋಪ್ ಹರಿದರೆ ಚಾವಟಿ ಹಾಗೆ ಬೀಸಿ ಬರುತ್ತೆ, ಚೀಲದ ಭಾರ ಅದನ್ನು ಕೆಳಗೆ ಎಳೆಯುತ್ತೆ. ಮಕ್ಕಳನ್ನು ದೂರ ಗದ್ದೆ ಬದುವಿನ ಮೇಲೆ ನಿಲ್ಲಿಸಿದೆವು.

ಮೊದಲು ನನ್ನ ಸರದಿ. ಖಾಲಿ ಗಾಡಿ. ಫಸ್ಟ್ ಗೇರಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟೆ. ರೋಪ್ ಬಿಗಿಯಾಯಿತು, ಗಾಡಿ ಒಂದು ಗೇಣು ಮುಂದೆ ಹೋಗಿ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಬಲಗಡೆ ಹಿಂದಿನ ಚಕ್ರ ಸುತ್ತುತ್ತಾ ಇದೆ. ಇಳಿದು ಎಡಗಡೆ ನೋಡಿದೆ. ಆ ಚಕ್ರ ತಿರುಗೇ ಇರಲಿಲ್ಲ, ಅದರ ಕೆಳಗಿನ ಭತ್ತದ ಕೂಳೆ ಹಾಗೇ ನಿಂತಿತ್ತು. ಬಲಗಡೆ ಚಕ್ರ ಮಾತ್ರ ಇಬ್ಬನಿ ಒದ್ದೆಯ ಹುಲ್ಲನ್ನು ಕಿತ್ತು, ಕೆಳಗಿನ ಕಪ್ಪು ಮಣ್ಣು ತೋಡಿ ಬೋಗುಣಿ ಮಾಡಿತ್ತು. ಡಿಫರೆನ್ಷಿಯಲ್ ಇರೋದೇ ಹಾಗೆ ಅಲ್ವಾ, ಹಿಡಿತ ಇಲ್ಲದ ಚಕ್ರದ ಕಡೆಗೇ ತಿರುಗುತ್ತೆ. ಎಂಜಿನ್‌ಗೆ ಇನ್ನೂ ಶಕ್ತಿ ಇತ್ತು. ನೆಲ ಬಿಟ್ಟುಕೊಟ್ಟಿತ್ತು.

ಭಾವ ಖುಷಿಯಲ್ಲೇ ಹತ್ತಿದರು. ಮೊದಲು ಬರೀ ಹಿಂದಿನ ಚಕ್ರದಲ್ಲೇ ನೋಡೋಣ ಅಂತ ಟೂ ಹೈನಲ್ಲೇ ಇಟ್ಟರು. ಅದೇ ಕಥೆ. 360 ಟಾರ್ಕ್ ಇದ್ದೂ ಚಕ್ರ ಸುತ್ತಿತು, ದಿಮ್ಮಿ ಅಲುಗಲಿಲ್ಲ. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರ ನಿಧಾನವಾಗಿ ಜೋರು ಬಲದಲ್ಲಿ ತಿರುಗೋ ಗೇರಿಗೆ ಹಾಕಿದರು. ಈಗ ಗಾಡಿಯ ಭಾರವೆಲ್ಲ ನಾಲ್ಕೂ ಚಕ್ರದ ಮೂಲಕ ಕೆಲಸಕ್ಕೆ ಬಂತು. ಒಂಚೂರು ಅಬ್ಬರ ಇಲ್ಲ. ದಿಮ್ಮಿ ಕರ್ರನೆ ಶಬ್ದ ಮಾಡುತ್ತಾ ಬಯಲಿನ ಅರ್ಧ ದಾಟಿತು. ಎಷ್ಟು ಚೆಂದ ಎಳೆಯಿತು ಅಂದರೆ ನಾನೂ ಚಪ್ಪಾಳೆ ತಟ್ಟಿದೆ.

ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಚಿಕ್ಕಪ್ಪ ಬಿಡಲಿಲ್ಲ. ಅವರು ಹುಡುಗರಾಗಿದ್ದಾಗ ಎತ್ತಿನ ಗಾಡಿ ಹೊಡೆದವರು. "ಹೇರು ಹಿಂದಾದ್ರೆ ನೊಗ ಎತ್ತಿನ ಕತ್ತಿಂದ ಮೇಲೇಳುತ್ತೆ. ಮುಂದಾದ್ರೆ ಎತ್ತು ಬಸವಳಿಯುತ್ತೆ. ಭಾರ ಎಲ್ಲಿ ಬೇಕೋ ಅಲ್ಲಿ ಹೇರ್ಬೇಕು ಕಣೋ. ನಿನ್ನ ಗಾಡಿಗೆ ಹಿಂದೆ ಬೇಕು, ಹೇರು" ಅಂದರು.

ಕಣಕ್ಕೆ ಹೋಗಿ 50 ಕೆ.ಜಿ.ಯ 12 ಮೂಟೆ ಹೇರಿಕೊಂಡು ಬಂದೆ. 600 ಕೆ.ಜಿ. ಹೇಗೂ ಮಾರನೆ ದಿನ ಚಿಕ್ಕಮಗಳೂರಿನ ಕ್ಯೂರಿಂಗ್‌ಗೆ (ಕಾಫಿ ಸಿಪ್ಪೆ ಬಿಡಿಸಿ ಹಸನು ಮಾಡೋ ಕಡೆಗೆ) ಹೋಗಬೇಕಾದ ಮೂಟೆಗಳೇ. ಹಿಂದಿನ ಪಟ್ಟಾ ಸ್ಪ್ರಿಂಗ್ ತಗ್ಗಿ, ಟಯರ್ ನೆಲವನ್ನು ಒತ್ತಿ ಕೂತಿತು. ಅದನ್ನು ನೋಡಿದಾಗಲೇ ಧೈರ್ಯ ಬಂತು. ಸ್ವಲ್ಪ ಪಕ್ಕದಲ್ಲಿ ಮಣ್ಣು ಗಟ್ಟಿ ಇದ್ದ ಕಡೆ ನಿಲ್ಲಿಸಿಕೊಂಡೆ. ಇದು ಭಾವನಿಗೆ ಸಿಗದ ಅನುಕೂಲ, ಅದನ್ನು ಹೇಳಲೇಬೇಕು. ಆಗಲೇ ಬಿಸಿಲೇರಿ ಇಬ್ಬನಿಯೂ ಆರಿತ್ತು.

ಕ್ಲಚ್ ಬಿಟ್ಟೆ. ರೋಪ್ ಬಿಗಿಯಿತು. ಒಂದು ಗಳಿಗೆ ಎಂಜಿನ್ ದನಿ ದಪ್ಪ ಆಯಿತು, ಸೀಟಿನ ಕೆಳಗೆ ಗುಡುಗುಡು ಅಂತು. ಚಕ್ರ ಜಾರಲಿಲ್ಲ. ಎರಡೂ ಒಟ್ಟಿಗೆ ತಿರುಗಿದವು. ಕಿಟಕಿಯಿಂದ ಕತ್ತು ಹಾಕಿ ನೋಡಿದರೆ ದಿಮ್ಮಿ ಬರ್ತಾ ಇದೆ! ಆಕ್ಸಲರೇಟರ್ ಜಾಸ್ತಿ ಕೊಡದೆ, ಕಾಲು ಅಲ್ಲಾಡಿಸದೆ, ಉಳಿದ ಅರ್ಧ ಬಯಲು ದಾಟಿಸಿ ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಮಕ್ಕಳು ಬದುವಿನಿಂದ ಕೂಗಿದ್ದು ಎಂಜಿನ್ ಆರಿಸಿದ ಮೇಲೇ ಕೇಳಿಸಿದ್ದು.

ಗೆದ್ದಿದ್ದು ಭಾವನ ಗಾಡಿಯೇ. ಮೂಟೆ ಇಲ್ಲದೆ, ಒದ್ದೆ ನೆಲದಲ್ಲಿ ಅದು ಎಳೆದಿದ್ದನ್ನು ನನ್ನದು ಎಳೆಯಲಾರದು. ಆದರೆ ನನ್ನ ಗಾಡಿ ಕೈಲಾಗದ್ದೇನಲ್ಲ, ಅದು ಬೆನ್ನ ಮೇಲೆ ಹೇರು ಇದ್ದಾಗ ದುಡಿಯೋ ಗಾಡಿ. ಇಷ್ಟು ವರ್ಷ ಓಡಿಸಿಯೂ ನನಗೆ ಇದು ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಅಕ್ಕ ಅಕ್ಕಿ ರೊಟ್ಟಿ, ಕೋಳಿ ಸಾರು ಆಯ್ತು ಬನ್ನಿ ಅಂತ ಎರಡು ಸಲ ಕೂಗಿದಳು. ಭಾವ ಬರಲಿಲ್ಲ. ನನ್ನ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿಯಲ್ಲಿ ಟಯರ್ ಗೀರಿನ ಮಣ್ಣು ಕೆದಕುತ್ತಿದ್ದರು. ಗೀರಿನ ಆಳ ಉಗುರಲ್ಲಿ ಅಳೆದು ನೋಡಿ, ತಲೆ ಎತ್ತಿ ಕೇಳಿದರು: "ಈ ಟಯರ್ ಎಲ್ಲಿ ಹಾಕಿಸಿದ್ದೋ?"