ಮ್ಯಾಗ್ಡಲೀನಾ: ಹಳಿ ಮುಗಿಯುತ್ತಿದ್ದ ಊರಿಗೆ ಹೋಗುವವರಿಗೆ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ದೊಡ್ಡ ರೇಡಿಯೋ ದೂರದರ್ಶಕ (ವೆರಿ ಲಾರ್ಜ್ ಅರೇ) ನೋಡಲು ಹೊರಟವರು ಮ್ಯಾಗ್ಡಲೀನಾ ಊರನ್ನು ಕಾರಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಗಂಟೆಯಾದರೂ ಈ ಊರಿಗೆಂದೇ ಇಟ್ಟುಕೊಳ್ಳಿ.

ಅಲ್ಬುಕರ್ಕಿಯಿಂದ ಐ-25 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸೊಕೊರೊ, ಅಲ್ಲಿಂದ ಹೆದ್ದಾರಿ 60ರಲ್ಲಿ ಪಶ್ಚಿಮಕ್ಕೆ 27 ಮೈಲಿ. ಪೆಟ್ರೋಲ್ ಸೊಕೊರೊದಲ್ಲೇ ತುಂಬಿಸಿಕೊಳ್ಳಿ. ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಂಡೇ ಹೋಗಿ. ನಮಗೆ ಚಪಾತಿ, ಚಟ್ನಿಪುಡಿಯಲ್ಲೇ ದಿನ ಕಳೆಯಿತು. ಊರು 6,500 ಅಡಿಗೂ ಎತ್ತರದಲ್ಲಿದೆ, ನೀರು ಕುಡಿಯುತ್ತಲೇ ಇರಿ. ಜುಲೈ, ಆಗಸ್ಟ್‌ನಲ್ಲಾದರೆ ಮಧ್ಯಾಹ್ನದ ಗುಡುಗು ಮಳೆಗೆ ಸಿದ್ಧರಾಗಿರಿ.

ಸೊಕೊರೊದಿಂದ ಇಲ್ಲಿಗೆ ರೈಲು ಬಂದದ್ದು 1885ರಲ್ಲಿ. ಪಕ್ಕದ ಕೆಲ್ಲಿ ಗಣಿಯ ಅದಿರು ಸಾಗಿಸುವ ಆಸೆ ಅದರ ಹಿಂದಿತ್ತು. ಹಳಿ ಇಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ, ಊರು ಬೆಳೆದದ್ದೂ ಅದರಿಂದಲೇ. ದೂರದ ಅರಿಜೋನಾದ ಸ್ಪ್ರಿಂಗರ್‌ವಿಲ್ ಕಡೆಯ ದನ, ಕುರಿಗಳು ಕೂಡ ನೂರಕ್ಕೂ ಹೆಚ್ಚು ಮೈಲಿ ನಡೆದು ಬಂದು ಇಲ್ಲೇ ವ್ಯಾಗನ್ ಹತ್ತಬೇಕಿತ್ತು. ದನಗಳಿಗೆ ದಿನಕ್ಕೆ ಸುಮಾರು 10 ಮೈಲಿ, ಕುರಿಗಳಿಗೆ 5. ಮೇಯಿಸುತ್ತ ನಿಧಾನವಾಗಿ ಹೊಡೆದುಕೊಂಡು ಬರಬೇಕು; ಅವಸರ ಮಾಡಿದರೆ ತೂಕ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. 1919ರ ಒಂದೇ ವರ್ಷ 21,677 ದನ, ಸುಮಾರು 1,50,000 ಕುರಿ ಈ ದಾರಿಯಲ್ಲಿ ಬಂದವು. 1930ರ ದಶಕದಲ್ಲಿ ಸರ್ಕಾರ ದಾರಿಯುದ್ದಕ್ಕೂ ಬಾವಿ ತೋಡಿಸಿತು.

ಆಮೇಲೆ ಲಾರಿ ಬಂತು. ದನ ಸಾಕುವವರ ಗೇಟಿಗೇ ಲಾರಿ ಬಂದು ನಿಂತರೆ ವಾರಗಟ್ಟಲೆ ಮಂದೆಯ ಹಿಂದೆ ನಡೆಯುವವರು ಯಾರು? ಕೊನೆಯ ಮಂದೆ ಬಂದದ್ದು 1971ರಲ್ಲಿ. ಹಳಿಯನ್ನೂ ಕಿತ್ತರು.

ಹಳೆಯ ರೈಲು ನಿಲ್ದಾಣದಲ್ಲಿ ಈಗ ಊರಿನ ಕಚೇರಿ, ಗ್ರಂಥಾಲಯ ಇವೆ. ನಾವು ಹೋದದ್ದು ಭಾನುವಾರ, ಬಾಗಿಲು ಹಾಕಿತ್ತು. ನೀವು ವಾರದ ದಿನ ಹೋಗಿ. ಜಾನುವಾರು ದೊಡ್ಡಿಯನ್ನಂತೂ ನೋಡದೆ ಬರಬೇಡಿ. ಮಳೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಹಲಗೆಗಳು, ಬೆರಳು ತೂರುವಷ್ಟು ಸೀಳಿದ ಕಂಬಗಳು, ಮರದೊಳಗೇ ತುಕ್ಕು ಬಿಟ್ಟ ಮೊಳೆ. ಒಂದು ಹಲಗೆಯ ಅಂಚು ಮಾತ್ರ ನುಣುಪಾಗಿತ್ತು. ದನ ಮೈ ಉಜ್ಜಿ ಉಜ್ಜಿ ಆದದ್ದಿರಬೇಕು ಅಂದುಕೊಂಡು ಅದರ ಮೇಲೆ ಬಹಳ ಹೊತ್ತು ಕೈಯಿಟ್ಟು ನಿಂತಿದ್ದೆ. ಹುಲ್ಲಿನಲ್ಲಿ ಹಾವಿರುತ್ತದೆ, ಬೂಟು ಹಾಕಿಕೊಳ್ಳಿ. ಬೇಲಿ ಹಾರಬೇಡಿ, ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ದೂರದರ್ಶಕಕ್ಕೆ ಬೆಳಿಗ್ಗೆಯೇ ಹೋಗಿ ಬನ್ನಿ, ಅಲ್ಲಿ ಮೊಬೈಲ್ ಆಫ್ ಮಾಡಬೇಕು. ಒಂದೊಂದೂ 230 ಟನ್ ತೂಗುವ, ತಟ್ಟೆಯಾಕಾರದ ಅದರ 27 ಆಂಟೆನಾಗಳನ್ನು ಜಾಗ ಬದಲಿಸುವುದು ರೈಲು ಹಳಿಗಳ ಮೇಲೆಯೇ. ಮ್ಯಾಗ್ಡಲೀನಾ ಹಳಿ ಕಳೆದುಕೊಂಡ ದಶಕದಲ್ಲೇ, ಮಂದೆಗಳು ದಾಟಿ ಬರುತ್ತಿದ್ದ ಬಯಲಿನಲ್ಲಿ ಹಾಕಿದ ಹಳಿ ಅದು. ಅದನ್ನು ನೋಡಿ ಬಂದು ದೊಡ್ಡಿಯ ಮುಂದೆ ನಿಂತರೆ ಅನಿಸುವುದೇ ಬೇರೆ.

ಕತ್ತಲಾಗುವ ಮೊದಲೇ ವಾಪಸು ಹೊರಡಿ. ಈ ರಸ್ತೆಗೆ ಜಿಂಕೆ, ದನ ಈಗಲೂ ಅಡ್ಡ ಬರುತ್ತವೆ.